ಜೀಪು ಮಾರಾಟಕ್ಕಿದೆ, ಬೆಂಚೂ ಸೇರಿ

ದೊಡ್ಡಪ್ಪನ ಜೀಪು ಮಾರಾಟಕ್ಕಿದೆ. ತಾಳಮಲೆಯ ಮನೆ ಮುಂದೆಯೇ ನಿಂತಿದೆ, ಯಾರು ಬೇಕಾದರೂ ಬಂದು ನೋಡಬಹುದು. ಕತ್ತಲಾದ ಮೇಲೆ ಮಾತ್ರ ಬೇಡ, ಆಗ ದಾರಿ ಆನೆಗಳದ್ದು.

ಕುಲ ಕೇಳಿದರೆ ಇದು ಅಮೆರಿಕದ ಗಾಡಿ. ಟೊಲಿಡೊ ಊರಿನ ವಿಲ್ಲಿಸ್ ಕಂಪನಿ ಎರಡನೇ ಮಹಾಯುದ್ಧಕ್ಕೆಂದು ಕಟ್ಟಿದ ಜೀಪಿನ ವಂಶವನ್ನು ಮಹೀಂದ್ರದವರು 1947ರಿಂದ ಮುಂಬಯಿಯಲ್ಲಿ ಜೋಡಿಸತೊಡಗಿದರು. ಉದ್ದ ಸುಮಾರು 11 ಅಡಿ. ಅದೇ ಅಮೆರಿಕದವರು 1959ರಲ್ಲಿ ಹತ್ತಿರ ಹತ್ತಿರ 19 ಅಡಿಯ ಕ್ಯಾಡಿಲಾಕ್ ಮಾಡಿದರು. ಅದೇನಾದರೂ ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವು ಹತ್ತಲು ಬಂದಿದ್ದರೆ, ಡ್ರೈವರು ಮೇಲಿನ ತಿರುವಿನಲ್ಲಿ ಹಾರ್ನ್ ಹೊಡೆಯುವಾಗ ಡಿಕ್ಕಿ ಇನ್ನೂ ಬುಡದ ಬಣ್ಣಾರಿ ಅಮ್ಮನಿಗೆ ಕೈಮುಗಿಯುತ್ತಿರುತ್ತಿತ್ತು.

ಮೊನ್ನೆ ಬೆಂಗಳೂರಿನಿಂದ ಒಬ್ಬರು ಬಂದಿದ್ದರು. ಹಳೇ ಗಾಡಿಗಳನ್ನು ಕಂಪನಿಯಿಂದ ಬಂದ ರೂಪಕ್ಕೆ ತಂದು ಇಟ್ಟುಕೊಳ್ಳುವ ಶೋಕಿ ಅವರಿಗೆ. ಬಗ್ಗಿ ನೋಡಿದರು, ಕೆಳಗೆ ಮಲಗಿ ನೋಡಿದರು. ಎದ್ದು ದೂಳು ಕೊಡವಿಕೊಂಡು, “ಇದರಲ್ಲಿ ಒರಿಜಿನಲ್ ಏನಿದೆ ಯಜಮಾನ್ರೆ?” ಅಂದರು. ದೊಡ್ಡಪ್ಪ ಬಹಳ ಯೋಚಿಸಿ, “ಆರ್‌ಸಿ ಬುಕ್ಕು ಒರಿಜಿನಲ್ಲೇ ಕನಪ್ಪ” ಅಂದರು.

ನಿಜ. ಪೆಟ್ರೋಲ್ ಎಂಜಿನ್ ಹೊಟ್ಟೆ ತುಂಬಿಸಲು ರಾಗಿ ಬೆಳೆ ಸಾಲದೆ ಡೀಸೆಲ್ ಎಂಜಿನ್ ಕೂರಿಸಿದ್ದು. ಮಿಲಿಟರಿಯವರ ಅನುಕೂಲಕ್ಕೆ ಮುಂದಕ್ಕೆ ಮಡಚುವಂತಿದ್ದ ಗಾಜಿಗೆ ವೆಲ್ಡಿಂಗ್ ಬಿದ್ದದ್ದು ದೊಡ್ಡಮ್ಮ ದೂಳು ತಿನ್ನಲು ಒಪ್ಪದ್ದರಿಂದ. ಹಿಂದೆ ನೇತಾಡುವವರಿಗೆ ಕಬ್ಬಿಣದ ಮೆಟ್ಟಿಲು, ಒಳಗೆ ಎದುರುಬದುರು ಹಲಸಿನ ಹಲಗೆಯ ಬೆಂಚು. ಮುಂದೆ ಮಾದಪ್ಪನ ಪಟ, ಪಕ್ಕದಲ್ಲಿ ಅಣ್ಣಾವ್ರು ರಾಜ್‌ಕುಮಾರರದ್ದು. 2000ದ ಜುಲೈ 30ರಂದು ಕಾಡುಗಳ್ಳ ವೀರಪ್ಪನ್ ಅಣ್ಣಾವ್ರನ್ನು ಗಾಜನೂರಿನಿಂದ ಎತ್ತಿಕೊಂಡು ಹೋದಮೇಲೆ 108 ದಿನವೂ ಚೆಕ್‌ಪೋಸ್ಟಿನಲ್ಲಿ ನಮ್ಮ ಟಾರ್ಪಲ್ ಎತ್ತಿ ನೋಡುತ್ತಿದ್ದರು. ಸಿಗುತ್ತಿದ್ದದ್ದು ಎಲೆಕೋಸು. ಅಣ್ಣಾವ್ರ ಪಟದ ಮುಂದೆ ದೊಡ್ಡಮ್ಮ ಊದುಬತ್ತಿ ಹಚ್ಚತೊಡಗಿದ್ದು ಆಗಲೇ.

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ ಕಂಪನಿ ಮಾಡಿಕೊಟ್ಟದ್ದನ್ನು ನಮಗೆ ಬೇಕಾದ ಹಾಗೆ ಬದಲಾಯಿಸುವಂತಿಲ್ಲ. ಈ ಗಾಡಿಯನ್ನು ಬದಲಾಯಿಸಿದ್ದು ಮಲೆ. ಅದಕ್ಕೆ ನೋಟಿಸು ಜಾರಿ ಮಾಡುವವರು ಯಾರು?

ಬಂದವರು ಬೆಲೆ ಕಟ್ಟುವಾಗ ಬೆಂಚನ್ನು ಖರ್ಚಿನ ಕಡೆಗೆ ಬರೆದುಕೊಂಡರು, ಕಿತ್ತು ಹಾಕುವ ಕೂಲಿ ಅಂತ. ಅದರ ಮೇಲೆ ಹೆರಿಗೆ ನೋವಿನ ಹೆಂಗಸರು ತಾಳವಾಡಿ ಆಸ್ಪತ್ರೆಗೆ ಹೋಗಿದ್ದಾರೆ, ಕೂಸು ಎತ್ತಿಕೊಂಡು ಅದರಲ್ಲೇ ವಾಪಸು ಬಂದಿದ್ದಾರೆ. ಮದುವಣಗಿತ್ತಿಯರು, ಮೇಷ್ಟ್ರು, ಮೇಕೆ ಎಲ್ಲರೂ ಕೂತಿದ್ದಾರೆ. ಕೆಲವು ಸಲ ಒಟ್ಟಿಗೇ. ಈಗ ಆ ಕೆಲಸಕ್ಕೆಲ್ಲ ಪಿಕಪ್ಪು, ಬೊಲೆರೊ ಬಂದಿವೆ. ಮೆತ್ತನೆಯ ಸೀಟು, ಒಬ್ಬರ ಮೊಣಕಾಲು ಇನ್ನೊಬ್ಬರಿಗೆ ತಾಗುವುದಿಲ್ಲ, ಹಾಗಾಗಿ ಮಾತೂ ಇಲ್ಲ.

ಕೊಳ್ಳುವವರು ಬರಲಿ, ಬೆಲೆ ಕೂತು ಮಾತಾಡೋಣ. ಹಸಿರು ಬಣ್ಣ ಬಳಿಯಿರಿ, ಎಂಜಿನ್ ಬದಲಿಸಿ, ನಿಮ್ಮಿಷ್ಟ. ಬೆಂಚನ್ನು ಮಾತ್ರ ದಯವಿಟ್ಟು ಘಾಟಿ ಇಳಿದ ಮೇಲೆ ಕೀಳಿ. ಅದರ ಮೇಲೆ ಕೂತು ಊರಿಗೆ ಬಂದ ಕೂಸುಗಳು ಈಗ ಬೆಳೆದು ದೊಡ್ಡವರಾಗಿ ಇಲ್ಲೇ ಇದ್ದಾರೆ, ಜಗಳಕ್ಕೆ ಬಂದಾರು.