ಹಿಮ ಬೀಳದ ಊರಿನಲ್ಲಿ ಹಿಮದ ಪಾಠ

ಉಡುಪಿಯ ಹತ್ತಿರದ ಕೆಮ್ಮಣ್ಣಿನಲ್ಲಿ ಸುವರ್ಣಾ ನದಿಯಿದೆ, ತಿಮ್ಮಣ್ಣಕುದ್ರುವಿಗೆ ದಾಟಿಸುವ ತೂಗುಸೇತುವೆಯಿದೆ, ಸ್ವಲ್ಪ ಮುಂದೆ ಹೂಡೆಯ ಕಡಲಿದೆ. ಹಿಮ ಮಾತ್ರ ಇಲ್ಲ. ಆದರೂ ಹಿಮದ ಮೇಲಿನ ಓಟವನ್ನು ತಿಳಿಯಲು ಈ ಊರೇ ಸಾಕು. ಮಳೆಗಾಲದ ಕೆಸರುಗದ್ದೆಯಲ್ಲಿ ಬರಿಗಾಲು ಹೂತುಹೋಗುತ್ತದೆ. ಹಲಗೆ ಹಾಕಿ ನಿಂತರೆ ಅಷ್ಟು ಹೂಳುವುದಿಲ್ಲ. ಭಾರ ಅಷ್ಟೇ, ಅದು ಹರಡುವ ಜಾಗ ಹೆಚ್ಚು. ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನವರು ಕಾಲಿಗೆ ಕಟ್ಟುವ ಉದ್ದನೆಯ ಪಟ್ಟಿಗಳ ಗುಟ್ಟೂ ಇದೇ.

ಈ ಕ್ರೀಡೆಯಲ್ಲಿ ಅಮೆರಿಕದ ಕಿಕ್ಕನ್ ರಾಂಡಲ್ 2002ರಿಂದ ನಾಲ್ಕು ಒಲಿಂಪಿಕ್ಸ್‌ಗಳಿಂದ ಬರಿಗೈಯಲ್ಲಿ ಮರಳಿದರು. ಐದನೆಯದರಲ್ಲಿ, 2018ರಲ್ಲಿ, ಜೆಸ್ಸಿ ಡಿಗಿನ್ಸ್ ಜೊತೆ ಚಿನ್ನ ಗೆದ್ದರು. ಈ ಕ್ರೀಡೆಯಲ್ಲಿ ಆ ದೇಶಕ್ಕೆ ಅದೇ ಮೊದಲ ಒಲಿಂಪಿಕ್ ಚಿನ್ನ. ಹಿಮ ಧಾರಾಳವಾಗಿರುವ ನಾಡಿಗೇ ಇಷ್ಟು ಕಾಲ ಬೇಕಾಯಿತು!

ನಮ್ಮ ಕೊಡಗಿನಲ್ಲೂ ಹಿಮವಿಲ್ಲ. ಅಲ್ಲಿಯ ತೆಕ್ಕಡ ಭವಾನಿ ನಂಜುಂಡ 2025ರಲ್ಲಿ ಚಿಲಿ ದೇಶದಲ್ಲಿ ನಡೆದ ಅಂತರರಾಷ್ಟ್ರೀಯ ಕೂಟದ 5 ಕಿ.ಮೀ. ಸ್ಪರ್ಧೆಯಲ್ಲಿ ಕಂಚು ಗೆದ್ದರು.

ತಂದೆತಾಯಂದಿರೇ, ಮಗಳು ಊರಲ್ಲಿಲ್ಲದ ಆಟದ ಆಸೆ ಹೇಳಿದರೆ 'ಅದೆಲ್ಲ ನಮಗಲ್ಲ' ಎನ್ನಬೇಡಿ. ಮೊದಲು ಹೂಡೆಯ ಹೊಯ್ಗೆಯಲ್ಲಿ ಓಡಲಿ. ಉಸಿರು, ಕಾಲಿನ ಬಲ ಇಲ್ಲೇ ಬೆಳೆಯುತ್ತವೆ. ಹಿಮವನ್ನು ಆಮೇಲೆ ಹುಡುಕಿಕೊಂಡು ಹೋಗಬಹುದು.