ಚಿತ್ರಪಟವೂ ತಾಮ್ರಪಟವೂ

ಮಡಿಕೇರಿಯ ಮಳೆಗಾಲ ಮನುಷ್ಯನನ್ನು ಮನೆಯೊಳಗೇ ಕೂರಿಸಿಬಿಡುತ್ತದೆ. ಹಾಗೆ ಕೂತ ಒಂದು ಆಷಾಢದಲ್ಲಿ ಕೃತಕ ಉಪಗ್ರಹಗಳ ಆರಂಭಕಾಲದ ಉಡಾವಣೆಗಳ ಚಲನಚಿತ್ರಗಳನ್ನು ನೋಡುವ ಗೀಳು ನನಗೆ ಹತ್ತಿತು. ಹಳಗನ್ನಡ ಪಾಠ ಹೇಳಿಕೊಂಡು, ಶಾಸನಗಳ ಪಡಿಯಚ್ಚು ನೋಡಿ ಕಣ್ಣು ಮಂಜಾಗಿಸಿಕೊಂಡವನಿಗೆ ರಾಕೆಟ್ಟಿನಲ್ಲೇನು ಕೆಲಸವೆಂದು ಸ್ನೇಹಿತರು ನಕ್ಕರು. ನನಗೋ ಆ ತುಣುಕುಗಳು ಹಸ್ತಪ್ರತಿಗಳಂತೆ ಕಂಡವು. ಒಂದೊಂದರಲ್ಲೂ ಅರ್ಥವಾಗದ ಒಂದೆರಡು ಸ್ಥಳಗಳು. ಬಿಡಿಸಿದಷ್ಟೂ ಅವುಗಳ ಹಿಂದೆ ಯಾರದೋ ಕೈ.

ಮೊದಲನೆಯದು ಸ್ಪುಟ್ನಿಕ್. 1957ರ ಅಕ್ಟೋಬರ್ 4ರಂದು ಸೋವಿಯತ್ ದೇಶ ಹಾರಿಸಿದ, 83.6 ಕಿಲೋಗ್ರಾಂ ತೂಕದ ಆ ಲೋಹದ ಚೆಂಡಿನ ಕಥೆ ಹೇಳುವಾಗ ಹಗಲು ಬೆಳಕಿನಲ್ಲಿ ಬೃಹತ್ ರಾಕೆಟ್ಟೊಂದು ಏಳುವ ದೃಶ್ಯವನ್ನು ತೋರಿಸುವುದು ರೂಢಿಯಾಗಿಬಿಟ್ಟಿದೆ. ಆದರೆ ಉಡಾವಣೆಯ ಸಮಯ ಮಾಸ್ಕೋದ ಗಡಿಯಾರದಲ್ಲಿ ರಾತ್ರಿ 10 ಗಂಟೆ 28 ನಿಮಿಷ. ಅದಕ್ಕಿಂತ ಪೂರ್ವದಲ್ಲಿರುವ ಉಡಾವಣಾ ನೆಲೆಯಲ್ಲಿ ಆಗ ನಡುರಾತ್ರಿ ಕಳೆದಿತ್ತು. ಹಗಲು ಎಲ್ಲಿಂದ ಬಂತು? ಆ ಉಪಗ್ರಹವನ್ನು ಹೊತ್ತ ಆರ್-7 ಮೂಲತಃ ಖಂಡಾಂತರ ಕ್ಷಿಪಣಿ. ಅದರ ಆಕಾರವೇ ಸೈನಿಕ ರಹಸ್ಯವಾಗಿತ್ತು. ಅದೇ ವಂಶದ ವೋಸ್ಟೋಕ್ ರಾಕೆಟ್ಟನ್ನು ಹೊರಲೋಕ ಕಣ್ಣಾರೆ ಕಂಡದ್ದು 1967ರ ಪ್ಯಾರಿಸ್ ವಿಮಾನ ಪ್ರದರ್ಶನದಲ್ಲಿ. ಗುಟ್ಟು ಸಡಿಲಿದ ಮೇಲೆ ಹೊರಬಂದ ನಂತರದ ಉಡಾವಣೆಗಳ ದೃಶ್ಯಗಳನ್ನು ಸಂಕಲನಕಾರರು ಹಿಂದಕ್ಕೆ ಒಯ್ದು 1957ರ ಜಾಗದಲ್ಲಿ ಕೂಡಿಸಿದರು. ಗ್ರಂಥಸಂಪಾದನೆಯ ಮಾತಿನಲ್ಲಿ ಹೇಳುವುದಾದರೆ ಅದು ಪ್ರಕ್ಷಿಪ್ತ.

ಎರಡನೆಯದು ಸದ್ದು. ಅನೇಕ ಚಿತ್ರಗಳಲ್ಲಿ ಬೆಂಕಿ ಕಾಣಿಸಿದ ಕ್ಷಣದಲ್ಲೇ ಗರ್ಜನೆಯೂ ಕೇಳುತ್ತದೆ. ಇದರಲ್ಲಿ ವಿಚಿತ್ರವೇನೆಂದು ಪೇಟೆಯವರು ಕೇಳಿಯಾರು, ಕೊಡಗಿನವರಿಗೆ ವಿವರಿಸಬೇಕಾಗಿಲ್ಲ. ಹುತ್ತರಿಯ ರಾತ್ರಿ ಗದ್ದೆಯಲ್ಲಿ ಕದಿರು ಕೊಯ್ಯುವ ಹೊತ್ತಿಗೆ ಹಾರಿಸುವ ಕೋವಿಯನ್ನು ಕಣಿವೆಯ ಈಚೆ ದಡದಲ್ಲಿ ನಿಂತು ನೋಡಿದವರಿಗೆ ಗೊತ್ತು, ಮಿಂಚು ಮೊದಲು, ಈಡಿನ ಸದ್ದು ಆಮೇಲೆ. ಒಂದು ಕಿಲೋಮೀಟರು ದಾಟಲು ಸದ್ದಿಗೆ ಸುಮಾರು 3 ಸೆಕೆಂಡು ಬೇಕು. ದೂರದ ಕ್ಯಾಮೆರಾ ಹಿಡಿದ ದೃಶ್ಯದಲ್ಲಿ ಜ್ವಾಲೆಯೂ ಆರ್ಭಟವೂ ಒಟ್ಟಿಗೇ ಬಂದರೆ, ಒಂದೋ ಸದ್ದನ್ನು ಹತ್ತಿರದ ಧ್ವನಿಗ್ರಾಹಕದಿಂದ ತಂದಿರಬೇಕು, ಇಲ್ಲವೇ ಮೂಕಚಿತ್ರಕ್ಕೆ ಆಮೇಲೆ ಜೋಡಿಸಿರಬೇಕು. ಪ್ರೇಕ್ಷಕನಿಗೆ ಹಿತವಾಗಲೆಂದು ಮಾಡಿದ ಉಪಕಾರವದು. ತಾಳೆಗರಿಯ ಲಿಪಿಕಾರನೂ ಓದುಗನಿಗೆ ಹಿತವಾಗಲೆಂದೇ ಎಷ್ಟೋ ಕಡೆ ಕಠಿನಪಾಠವನ್ನು ಸುಲಭ ಮಾಡಿದ್ದಾನೆ.

ಮೂರನೆಯದರ ಹತ್ತಿರ ನಾನು ಹೆಚ್ಚು ದಿನ ಕೂತೆ. ಅಮೆರಿಕದ ಮೊದಲ ಉಪಗ್ರಹ ಎಕ್ಸ್‌ಪ್ಲೋರರ್ 1 ಏರಿದ್ದು 1958ರ ಜನವರಿ 31ರ ರಾತ್ರಿ. ಚಿತ್ರವೂ ರಾತ್ರಿಯದೇ. ಅದರಲ್ಲಿ ಎರಡು ಸಂಗತಿಗಳು ನೋಡುವವರನ್ನು ತಡೆದು ನಿಲ್ಲಿಸುತ್ತವೆ. ರಾಕೆಟ್ಟು ನೆಲ ಬಿಡುವ ಮೊದಲೇ ಅದರ ತುದಿಯ ಭಾಗ ಗಿರಗಿರನೆ ತಿರುಗುತ್ತಿರುತ್ತದೆ. ಅದಕ್ಕೆ ಕಾರಣ ಸರಳ: ಮೇಲಿನ ಹಂತಗಳ ಚಿಕ್ಕ ಚಿಕ್ಕ ಘನ ಇಂಧನದ ರಾಕೆಟ್ಟುಗಳಿಗೆ ದಿಕ್ಕು ತಿದ್ದುವ ಏರ್ಪಾಡಿರಲಿಲ್ಲ; ಬುಗುರಿಯಂತೆ ಸುತ್ತುತ್ತಿದ್ದರೆ ಮಾತ್ರ ಅವು ನೆಟ್ಟಗೆ ಸಾಗುತ್ತಿದ್ದವು. ಇನ್ನೊಂದು, ರಾಕೆಟ್ಟಿನ ಮೈಮೇಲೆ ಬರೆದ ‘ಯು’, ‘ಇ’ ಎಂಬ ಎರಡು ಇಂಗ್ಲಿಷ್ ಅಕ್ಷರಗಳು. ಅವು ಯಾವ ಹೆಸರಿನ ಸಂಕ್ಷೇಪವೂ ಅಲ್ಲ. ರಾಕೆಟ್ಟನ್ನು ರೂಪಿಸಿದ ಊರು ಹಂಟ್ಸ್‌ವಿಲ್. ಆ ಊರಿನ ಹೆಸರಿನ ಕಾಗುಣಿತದಲ್ಲಿ ಎರಡು ಬಾರಿ ಬರುವ ‘ಎಲ್’ ಅನ್ನು ಒಮ್ಮೆ ಮಾತ್ರ ಎಣಿಸಿ, ಉಳಿದ ಒಂಬತ್ತು ಅಕ್ಷರಗಳಿಗೆ ಕ್ರಮವಾಗಿ 1ರಿಂದ 9ರವರೆಗಿನ ಬೆಲೆ ಕೊಟ್ಟು, ಸೊನ್ನೆಗೆ ‘ಎಕ್ಸ್’ ಇಟ್ಟುಕೊಂಡಿದ್ದರು. ‘ಯು’ ಎಂದರೆ 2, ‘ಇ’ ಎಂದರೆ 9. ಅದು 29ನೆಯ ಕ್ಷಿಪಣಿ. ಎಷ್ಟು ಕ್ಷಿಪಣಿಗಳು ತಯಾರಾಗಿವೆಯೆಂದು ನೋಡುವವರಿಗೆ ತಿಳಿಯಬಾರದೆಂದು ಈ ಉಪಾಯ.

ಇದನ್ನು ಓದಿದಾಗ ನಾನು ಒಬ್ಬನೇ ಕೂತು ನಕ್ಕೆ. ಇದು ನಮ್ಮ ಕಟಪಯಾದಿಯ ತಮ್ಮನಲ್ಲವೇ! ಕರ್ನಾಟಕ ಸಂಗೀತದ ಮೇಳಕರ್ತ ರಾಗಗಳಿಗೆ ಸಂಖ್ಯೆಯನ್ನು ಹೆಸರಿನ ಮೊದಲ ಎರಡಕ್ಷರಗಳಲ್ಲಿ ಅಡಗಿಸಿಟ್ಟ ಪದ್ಧತಿ ಅದು. ಧೀರಶಂಕರಾಭರಣವನ್ನೇ ತೆಗೆದುಕೊಳ್ಳಿ. ‘ಧ’ ಎಂದರೆ 9, ‘ರ’ ಎಂದರೆ 2. ಅಂಕಗಳು ಬಲದಿಂದ ಎಡಕ್ಕೆ ನಡೆಯುವುದರಿಂದ 29. ಅದೇ 29! ಕಾಕತಾಳೀಯವೆಂದು ಗೊತ್ತಿದ್ದರೂ ಸಂತೋಷವಾಯಿತು. ನಮ್ಮವರು ಸಂಖ್ಯೆ ನೆನಪಿನಲ್ಲಿ ಉಳಿಯಲೆಂದು ಅಕ್ಷರಕ್ಕೆ ತುಂಬಿದರು, ಅವರು ಸಂಖ್ಯೆ ತಿಳಿಯಬಾರದೆಂದು ತುಂಬಿದರು, ವ್ಯತ್ಯಾಸ ಅಷ್ಟೆ.

ಈ ಪತ್ತೇದಾರಿಯ ಉತ್ಸಾಹವನ್ನು ನಮ್ಮಲ್ಲಿಗೆ ಬರುವ ಒಬ್ಬ ಸಂಶೋಧನ ವಿದ್ಯಾರ್ಥಿನಿಯೊಡನೆ ಹಂಚಿಕೊಂಡೆ. ಕಾಲೇಜಿನ ಸಣ್ಣ ಪ್ರದರ್ಶನವೊಂದಕ್ಕೆ ಆಕೆ ಇಂಥ ಚಿತ್ರಗಳನ್ನು ಕೂಡಿಹಾಕುತ್ತಿದ್ದಳು. ಎಲ್ಲವನ್ನೂ ಕೇಳಿ, “ಸರ್, ಹಾಗಾದರೆ ಇದೆಲ್ಲ ಕಟ್ಟುಕತೆಯೇ?” ಎಂದಳು. ಪರಿಹಾಸ್ಯದ ದನಿಯಲ್ಲ. ಚಿತ್ರ ಬೇರೆ ದಿನದ್ದು, ಸದ್ದು ಬೇರೆ ಕಡೆಯದು. ಉಳಿದದ್ದನ್ನು ನಂಬುವುದು ಹೇಗೆಂಬ ಪ್ರಾಮಾಣಿಕ ಸಂಶಯ. ನಾನು ವಿಜ್ಞಾನದ ಉತ್ತರ ಕೊಡಲು ಹೋಗಲಿಲ್ಲ. ನಮ್ಮೂರಿನ ಹೆಸರನ್ನೇ ಹೊತ್ತ ತಾಮ್ರಪಟವನ್ನು ನೆನಪಿಸಿದೆ.

ಮಡಿಕೇರಿ ತಾಮ್ರಪಟದ ವಿವಾದ ಶಾಸನ ಓದುವವರಿಗೆ ಹೊಸದಲ್ಲ. ಗಂಗ ದೊರೆ ಅವಿನೀತನ ಹೆಸರು ಹೇಳುವ ಈ ಪಟ, ತಲವನನಗರದ, ಅಂದರೆ ತಲಕಾಡಿನ, ಶ್ರೀವಿಜಯ ಜಿನಾಲಯಕ್ಕೆ ಬದನೆಗುಪ್ಪೆ ಎಂಬ ಗ್ರಾಮದ ದತ್ತಿಯನ್ನು ದಾಖಲಿಸುತ್ತದೆ. ಅದರ 388ನೆಯ ವರ್ಷವನ್ನು ಶಕವೆಂದು ಎಣಿಸಿದರೆ ಕ್ರಿ.ಶ. 466. ರೈಸ್ ಅದನ್ನು ಪ್ರಕಟಿಸಿ ಮಹತ್ವ ಕೊಟ್ಟರು. ಫ್ಲೀಟ್ ಅದನ್ನು ಕೂಟಶಾಸನವೆಂದರು. ಸಂಶಯಕ್ಕೆ ಆಧಾರಗಳಿವೆ. ಅಕ್ಷರದ ವರಸೆ ಐದನೆಯ ಶತಮಾನಕ್ಕೆ ಹೊಂದುವುದಿಲ್ಲ, ಬಹಳ ಈಚಿನದು. ರಾಷ್ಟ್ರಕೂಟರ ಬಿರುದಾದ ‘ಅಕಾಲವರ್ಷ’ ಅದರೊಳಗೆ ಕಾಣಿಸಿಕೊಳ್ಳುತ್ತದೆ. ಐದನೆಯ ಶತಮಾನದ ಪಟದಲ್ಲಿ ಈ ಹೆಸರು ರಾತ್ರಿಯ ಸ್ಪುಟ್ನಿಕ್ಕಿನ ಮೇಲೆ ಬಿದ್ದ ಹಗಲು ಬೆಳಕಿನಂತೆ. ಆದರೆ ಅಷ್ಟರಿಂದ ಅವಿನೀತನೇ ಇರಲಿಲ್ಲವೆಂದು ಯಾರಾದರೂ ಹೇಳಿದರೇ? ಬದನೆಗುಪ್ಪೆ ಇವತ್ತಿಗೂ ಚಾಮರಾಜನಗರದ ಸೀಮೆಯಲ್ಲಿದೆ. ಹಳೆಯ ಮೂಲವೊಂದನ್ನು ಮುಂದಿನವರು ತಮ್ಮ ಕಾಲದ ಲಿಪಿಯಲ್ಲಿ, ತಮ್ಮ ಕಾಲದ ಹೆಸರು ಸೇರಿಸಿ ಮರುಬರೆದಿರಬಹುದೆಂಬ ವಾದವೂ ಇದೆ; ನನ್ನ ಒಲವು ಆ ಕಡೆಗೆ. ಪಟದ ಕಾಲವೇ ಬೇರೆ, ಪಟ ಹೇಳುವ ಸಂಗತಿಯ ಕಾಲವೇ ಬೇರೆ. ಒಂದರ ದೋಷವನ್ನು ಇನ್ನೊಂದರ ತಲೆಗೆ ಕಟ್ಟುವ ಮೊದಲು ಬೇರೆ ಸಾಕ್ಷ್ಯ ಹುಡುಕಬೇಕು. ಸ್ಪುಟ್ನಿಕ್ಕಿಗೆ ಅಂಥ ಸಾಕ್ಷ್ಯ ಹೇರಳವಾಗಿದೆ. ಅದರ ‘ಬೀಪ್’ ಸದ್ದನ್ನು ಮೂರು ವಾರಗಳ ಕಾಲ ಸೋವಿಯತ್ತಿಗೆ ಸಂಬಂಧವಿಲ್ಲದ, ಅದರ ವೈರಿಗಳೂ ಆದ ದೇಶಗಳ ಹವ್ಯಾಸಿ ರೇಡಿಯೋ ಆಸಕ್ತರು ತಮ್ಮ ತಮ್ಮ ಮನೆಗಳಲ್ಲಿ ಕೇಳಿದರು.

ಆಕೆ ನಮ್ಮ ದೇಶದ ಚಿತ್ರಗಳನ್ನೂ ಇದೇ ಕಣ್ಣಿನಿಂದ ನೋಡತೊಡಗಿದಳು. ಬೆಂಗಳೂರಿನ ಪೀಣ್ಯದಲ್ಲಿ ಉಡುಪಿಯ ಕಡೆಯವರಾದ ಯು. ಆರ್. ರಾವ್ ಅವರ ಮುಂದಾಳುತನದಲ್ಲಿ ಸಿದ್ಧವಾದ, 26 ಮುಖಗಳ, 360 ಕಿಲೋಗ್ರಾಂ ತೂಕದ ಆರ್ಯಭಟ 1975ರ ಏಪ್ರಿಲ್ 19ರಂದು ಏರಿದ್ದು ಸೋವಿಯತ್ ದೇಶದ ಕಪುಸ್ತಿನ್ ಯಾರ್‌ನಿಂದ, ಅಲ್ಲಿಯದೇ ರಾಕೆಟ್ಟಿನ ಮೇಲೆ. ಆರ್ಯಭಟದ ಹೆಸರಿನಡಿ ಶ್ರೀಹರಿಕೋಟೆಯ ಕಡಲತೀರ ಕಂಡರೆ ಆ ದೃಶ್ಯ ಬೇರೆಯದೇ. ಎತ್ತಿನ ಗಾಡಿಯ ಮೇಲೆ ಕೂತ ಆ್ಯಪಲ್ ಉಪಗ್ರಹದ ಚಿತ್ರವನ್ನಂತೂ ಎಲ್ಲರೂ ಬಲ್ಲರು. ‘ಎತ್ತಿನ ಗಾಡಿಯಲ್ಲಿ ಉಡಾವಣೆಗೆ ಹೊರಟ ಉಪಗ್ರಹ’ ಎಂಬ ಅಡಿಬರಹವನ್ನೂ. ಆ್ಯಪಲ್ ಹಾರಿದ್ದು 1981ರ ಜೂನ್ 19ರಂದು, ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಿಂದ. ಗಾಡಿ ಹೂಡಿದ್ದು ಬೆಂಗಳೂರಿನ ಬಯಲಿನಲ್ಲಿ ಆಂಟೆನಾ ಪರೀಕ್ಷಿಸುವುದಕ್ಕೆ. ಲಾರಿಯ ಲೋಹದ ಮೈ ಆ ಪರೀಕ್ಷೆಯನ್ನು ಕೆಡಿಸುತ್ತಿತ್ತು, ಮರದ ಗಾಡಿ ಕೆಡಿಸಲಿಲ್ಲ. ಬಡತನದ ಚಿತ್ರವೆಂದು ಜನ ಮರುಗುವುದು ಒಂದು ಜಾಣ ಉಪಾಯವನ್ನು ನೋಡಿ.

ಇನ್ನು ಎಸ್‌ಎಲ್‌ವಿ-3. ಅದು 1979ರ ಆಗಸ್ಟ್ 10ರಂದು ಎರಡನೆಯ ಹಂತದ ನಿಯಂತ್ರಣ ತಪ್ಪಿ ಬಂಗಾಳ ಕೊಲ್ಲಿಗೆ ಬಿತ್ತು. 1980ರ ಜುಲೈ 18ರಂದು 35 ಕಿಲೋಗ್ರಾಂ ತೂಕದ ರೋಹಿಣಿಯನ್ನು ಕಕ್ಷೆಗೆ ಸೇರಿಸಿತು. ಎರಡರಲ್ಲೂ ನೆಲ ಬಿಟ್ಟು ಚಿಮ್ಮುವ ಮೊದಲ ಕ್ಷಣಗಳು ಒಂದೇ ಬಗೆಯವು. ಸೋಲು ಗೆಲುವು ಚಿತ್ರದ ಚೌಕಟ್ಟಿನ ಆಚೆ ನಡೆದದ್ದು, ಅದನ್ನು ಹೇಳಬೇಕಾದದ್ದು ಅಡಿಬರಹ.

ಪ್ರದರ್ಶನದಿಂದ ಹಗಲಿನ ಸ್ಪುಟ್ನಿಕ್ಕನ್ನು ತೆಗೆದುಹಾಕಲು ಆಕೆ ಹೊರಟಿದ್ದಳು. ಬೇಡಮ್ಮ, ಇರಲಿ ಎಂದೆ. ಇಬ್ಬರೂ ಕೂತು ಅಡಿಬರಹ ತಿದ್ದಿದೆವು: ‘ಆರ್-7 ವಂಶದ ರಾಕೆಟ್ಟು, ಹಗಲಿನ ಉಡಾವಣೆ. ಇದು ಸ್ಪುಟ್ನಿಕ್ 1 ಅಲ್ಲ; ಅದು ಏರಿದ್ದು ರಾತ್ರಿ.’ ಅದರ ಪಕ್ಕದಲ್ಲಿ ಆಕೆ ಮಡಿಕೇರಿ ತಾಮ್ರಪಟದ ಮುದ್ರಿತ ಪಾಠದ ಒಂದು ಹಾಳೆಯನ್ನೂ ಅಂಟಿಸಿದಳು. ಅದು ಆಕೆಯದೇ ಯೋಚನೆ.