ಒಂದು ವಾರದ ಒಲೆ

ರಜೆಗೆಂದು ಹೊರಟವರು ಯಾರಾದರೂ ಕುಕ್ಕರ್ ಹೊತ್ತುಕೊಂಡು ಹೋಗುತ್ತಾರೆಯೇ? ಹೋಗುತ್ತಾರೆ. ಬ್ರಿಟನ್ನಿನಲ್ಲಿ ಅಂಥದೇ ಒಂದು ಬಗೆಯ ರಜೆಯಿದೆ. ಕಡಲ ಕರೆಯ ಹಳ್ಳಿಯೊಂದರಲ್ಲಿ ಇಡೀ ಮನೆಯನ್ನೇ ಶನಿವಾರದಿಂದ ಶನಿವಾರಕ್ಕೆ ಬಾಡಿಗೆ ಹಿಡಿಯುವುದು. ಹಾಸಿಗೆ, ಪಾತ್ರೆ, ಒಲೆ ಎಲ್ಲವೂ ಅಲ್ಲಿರುತ್ತವೆ. ಬೇಯಿಸಿ ಬಡಿಸುವವರು ಮಾತ್ರ ಇರುವುದಿಲ್ಲ. ಹೊರಡುವಾಗ ಎಲ್ಲವನ್ನೂ ತೊಳೆದಿಟ್ಟು ಬರಬೇಕು.

‘ದುಡ್ಡು ಕೊಟ್ಟು ಇನ್ನೊಬ್ಬರ ಮನೆ ಪಾತ್ರೆ ತೊಳೆಯುವುದಕ್ಕೆ ರಜೆ ಅಂತೀರಲ್ಲ!’ ಎಂದು ಆಯಿ ನಕ್ಕಿದ್ದು ಇದಕ್ಕೇ.

ಆಯಿಯದು ಕುಮಟಾ ಕಡೆಯ ಹಳ್ಳಿ. ಯಜಮಾನರು ತೀರಿಕೊಂಡ ಮೇಲೆ ಎರಡು ಮಳೆಗಾಲವನ್ನು ಒಬ್ಬರೇ ಕಳೆದು, ಈ ಸಲ ಸಂಕ್ರಾಂತಿ ಮುಗಿಸಿ ಮನೆಗೆ ಬೀಗ ಹಾಕಿ, ಆರು ತಿಂಗಳ ವೀಸಾದ ಮೇಲೆ ಬರ್ಮಿಂಗ್‌ಹ್ಯಾಮಿನ ಮಗನ ಮನೆಗೆ ಬಂದಿದ್ದರು. ಬಂದಾಗಿನಿಂದ ಮಗನದೊಂದೇ ವರಾತ. ಬೆಂಗಳೂರಿನವರೊಬ್ಬರು ಊರ ಮನೆಯನ್ನು ಹೋಂಸ್ಟೇ ಮಾಡುತ್ತೇವೆ ಎನ್ನುತ್ತಿದ್ದಾರೆ, ಒಳ್ಳೆಯ ಬಾಡಿಗೆ; ಆಯಿ ಹುಬ್ಬಳ್ಳಿಯಲ್ಲಿ ಮಗಳ ಜೊತೆ ಇದ್ದರಾಯಿತು. ಆಯಿ ಹೂಂ ಎಂದಿರಲಿಲ್ಲ, ಊಹೂಂ ಎಂದೂ ಇರಲಿಲ್ಲ.

ಮೇ ತಿಂಗಳ ಕೊನೆಗೆ ಮೊಮ್ಮಗಳ ಶಾಲೆಗೆ ಒಂದು ವಾರ ರಜೆ ಬಂತು. ಕುಕ್ಕರು, ಮಸಾಲೆ ಡಬ್ಬಿ, ಐದು ಕಿಲೋ ಅಕ್ಕಿ ಕಾರಿಗೇರಿದವು. ಐದಾರು ತಾಸಿನ ದಾರಿ. ಪಶ್ಚಿಮಕ್ಕೆ ಹೋಗಿ ಹೋಗಿ, ವೇಲ್ಸಿನ ನೆಲ ಮುಗಿದು ಕಡಲು ಶುರುವಾಗುವಲ್ಲಿ ಪೆಂಬ್ರೋಕ್‌ಷೈರ್. ಇಲ್ಲಿನ ಕರಾವಳಿಯನ್ನು 1952ರಲ್ಲೇ ರಾಷ್ಟ್ರೀಯ ಉದ್ಯಾನವೆಂದು ಸಾರಿದ್ದಾರೆ. ಬಂಡೆಗಳ ನೆತ್ತಿಯ ಮೇಲೆ 186 ಮೈಲಿ ಉದ್ದದ ಕಾಲುದಾರಿ. ಅದು ತೆರೆದದ್ದು 1970ರಲ್ಲಿ. ರಸ್ತೆಯ ಮೇಲೆ ‘ಸ್ಲೋ’ ಎಂದು ಬರೆದಲ್ಲೆಲ್ಲ ‘ಅರಾವ್’ ಎಂದೂ ಬರೆದಿತ್ತು. ವೆಲ್ಷ್ ಭಾಷೆಯಲ್ಲಿ ‘ನಿಧಾನ’. ಆಯಿಗೆ ಆ ಮಾತು ಹಿಡಿಸಿತು.

ಕಾಟೇಜು ಸೇಂಟ್ ಡೇವಿಡ್ಸ್ ಹತ್ತಿರದ ಹಳ್ಳಿಯಲ್ಲಿತ್ತು. ಆರು ಮನೆಗಳ ಸಾಲು. ಕಲ್ಲಿನ ಗೋಡೆ, ಸ್ಲೇಟಿನ ಮಾಡು, ಎದುರಿಗೆ ಸಮುದ್ರ. ಹಿಂದೆ ಸ್ಲೇಟಿನ ಗಣಿಯ ಕೂಲಿಕಾರರು ಇದ್ದ ಮನೆಗಳಂತೆ. ಮೇಜಿನ ಮೇಲೆ ಹಾಲು, ಬ್ರೆಡ್ಡು, ಒಣದ್ರಾಕ್ಷಿ ಹಾಕಿದ ವೆಲ್ಷ್ ಕೇಕು. ಪಕ್ಕದಲ್ಲಿ ಕಸ ಎಲ್ಲಿ ಹಾಕಬೇಕು ಎಂಬುದರಿಂದ ಹಿಡಿದು ಎಲ್ಲವನ್ನೂ ಬರೆದಿಟ್ಟ ಒಂದು ಫೈಲು. ಮನೆಯ ಯಜಮಾನರ ಮುಖ ಮಾತ್ರ ಯಾರೂ ನೋಡಲಿಲ್ಲ. ಬೀಗದ ಕೈ ಬಾಗಿಲ ಬಳಿಯ ನಂಬರಿನ ಪೆಟ್ಟಿಗೆಯಲ್ಲಿತ್ತು.

ಬರ್ಮಿಂಗ್‌ಹ್ಯಾಮಿನ ಅಡುಗೆಮನೆ ಸೊಸೆಯದು. ಅಲ್ಲಿ ಆಯಿ ಒಂದು ಲೋಟ ಎತ್ತಿಕೊಳ್ಳುವುದಕ್ಕೂ ಸಂಕೋಚಪಡುತ್ತಿದ್ದರು. ಕುಮಟಾದ್ದು ಆಯಿಯದು, ಅಲ್ಲಿ ಸೊಸೆಯ ಪಾಡೂ ಅದೇ. ಈ ಕಾಟೇಜಿನಲ್ಲಿ ಸಕ್ಕರೆ ಡಬ್ಬಿ ಎಲ್ಲಿದೆಯೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಕಪಾಟುಗಳನ್ನು ಒಂದೊಂದಾಗಿ ತೆರೆಯುತ್ತಾ ಇಬ್ಬರೂ ಹುಡುಕಿದರು. ಮೊದಲ ರಾತ್ರಿ ತಂಬುಳಿಗೆ ಜೀರಿಗೆ, ಒಣಮೆಣಸಿನ ಒಗ್ಗರಣೆ ಚಟಗುಟ್ಟಿದ್ದೇ ತಡ, ಮಾಡಿನ ಸ್ಮೋಕ್ ಅಲಾರಂ ಬಾಯಿ ಬಡಿದುಕೊಳ್ಳತೊಡಗಿತು. ಸೊಸೆ ಕುರ್ಚಿ ಹತ್ತಿ ಟವೆಲ್ ಬೀಸಿದಳು. ಆಯಿ ಕುರ್ಚಿ ಹಿಡಿದುಕೊಂಡರು. ಅದು ಸುಮ್ಮನಾದ ಮೇಲೆ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾಲ್ಕು ತಿಂಗಳಲ್ಲಿ ಹಾಗೆ ನಕ್ಕದ್ದು ಅದೇ ಮೊದಲು.

ವಾರ ಚೆನ್ನಾಗಿಯೇ ಕಳೆಯಿತು. ಒಂದು ದಿನ ದೋಣಿಯಲ್ಲಿ ಸ್ಕೋಮರ್ ದ್ವೀಪಕ್ಕೆ ಹೋದರು. ಅಲ್ಲಿ ಬೇಸಿಗೆಗೆ 40 ಸಾವಿರಕ್ಕೂ ಹೆಚ್ಚು ಪಫಿನ್ ಹಕ್ಕಿಗಳು ಸೇರುತ್ತವೆ. ನೆಲದಲ್ಲಿ ಬಿಲ ತೋಡಿ ಮರಿ ಮಾಡಿ, ಜುಲೈ ಮುಗಿಯುವಷ್ಟರಲ್ಲಿ ಕಡಲಿಗೆ ಹಾರಿಬಿಡುತ್ತವೆ. ಮರುವರ್ಷ ಸಾಮಾನ್ಯವಾಗಿ ಅದೇ ಬಿಲಕ್ಕೇ ಬರುತ್ತವೆ ಎಂದು ಮೊಮ್ಮಗಳು ಓದಿ ಹೇಳಿದಳು. ‘ಬೀಗ ಹಾಕದೆ ಹೋಗುತ್ತವಲ್ಲ, ಪುಣ್ಯವಂತ ಹಕ್ಕಿಗಳು’ ಎಂದರು ಆಯಿ.

ಸಾಲಿನ ಕೊನೆಯ ಮನೆಯಲ್ಲಿ ಒಬ್ಬ ಅಜ್ಜಿಯಿದ್ದರು. ಅಲ್ಲೇ ಹುಟ್ಟಿ ಬೆಳೆದವರು. ಸಂಜೆ ಒಂಬತ್ತಾದರೂ ಬೆಳಕಿರುವ ದಿನಗಳು. ಗೋಡೆಯ ಮೇಲೆ ಕೂತು ಆಯಿ ಅವರೊಡನೆ ಮಾತಿಗಿಳಿದರು. ಮೊಮ್ಮಗಳೇ ದುಭಾಷಿ. ಚಳಿಗಾಲದಲ್ಲಿ ಈ ಆರು ಮನೆಗಳಲ್ಲಿ ದೀಪ ಕಾಣುವುದು ಎರಡರಲ್ಲೇ ಅಂತೆ. ಉಳಿದವು ರಜೆಯ ಮನೆಗಳು. ಅಜ್ಜಿಯ ಮಗನಿಗೆ ಹುಟ್ಟಿದೂರಿನಲ್ಲಿ ಮನೆ ಕೊಳ್ಳುವ ಬೆಲೆಯಿಲ್ಲದೆ ದೂರದ ಪೇಟೆಯಲ್ಲಿದ್ದಾನೆ. ಹಾಗೆಂದು ಅಜ್ಜಿ ಬಂದವರನ್ನು ಬೈಯಲಿಲ್ಲ. ಅಂಗಡಿ ನಡೆಯುವುದು ಅವರಿಂದಲೇ. ಶನಿವಾರ ಮನೆ ಒರೆಸುವ ಕೆಲಸ ಸಿಗುವುದೂ ಅವರಿಂದಲೇ. ‘ಆದರೆ ಬಾಗಿಲು ತಟ್ಟಿ ನಮ್ಮ ಮಾತಿನಲ್ಲಿ ಒಂದು ಮಾತಾಡೋಣ ಎಂದರೆ ಯಾರಿದ್ದಾರೆ?’ ಎಂದರು.

ಇದು ಒಬ್ಬ ಅಜ್ಜಿಯ ಕೊರಗಷ್ಟೇ ಅಲ್ಲ. ವೇಲ್ಸಿನ ಸರ್ಕಾರವೂ ಇದಕ್ಕೆ ಮದ್ದು ಹುಡುಕಿದೆ. ವರ್ಷವೆಲ್ಲ ವಾಸವಿಲ್ಲದ ಎರಡನೇ ಮನೆಗಳಿಗೆ ಮಾಮೂಲು ತೆರಿಗೆಯ ಮೇಲೆ ಶೇಕಡಾ 300ರವರೆಗೆ ಹೆಚ್ಚುವರಿ ಹೇರುವ ಅಧಿಕಾರವನ್ನು 2023ರ ಏಪ್ರಿಲ್‌ನಿಂದ ಸ್ಥಳೀಯ ಕೌನ್ಸಿಲ್‌ಗಳಿಗೆ ಕೊಟ್ಟಿತು. ಕಾಟೇಜು ವ್ಯಾಪಾರದ ಲೆಕ್ಕಕ್ಕೆ ಬರಬೇಕಾದರೆ ಮೊದಲು ವರ್ಷಕ್ಕೆ 70 ದಿನ ಬಾಡಿಗೆಗೆ ಹೋದರೆ ಸಾಕಿತ್ತು. ಆಗ ಅದನ್ನು 182 ದಿನಕ್ಕೆ ಏರಿಸಿದರು. ಬಿಗಿ ಹೆಚ್ಚಾಯಿತೆನ್ನುವವರೂ ಇದ್ದಾರೆ, ಸಾಲದೆನ್ನುವವರೂ ಇದ್ದಾರೆ.

ಆ ರಾತ್ರಿ ಊಟವಾದ ಮೇಲೆ ಆಯಿಯೇ ಮಾತು ತೆಗೆದರು.

‘ನಮ್ಮ ಮನೆಯನ್ನು ಬಾಡಿಗೆಗೆ ಕೊಡು, ಬೇಡ ಎನ್ನುವುದಿಲ್ಲ. ಆದರೆ ವಾರಕ್ಕಲ್ಲ, ವರ್ಷಕ್ಕೆ. ಶಾಲೆಯ ಮೇಷ್ಟರು ದಿನಾ ಕುಮಟಾದಿಂದ ಬಸ್ಸಿಗೆ ಓಡಾಡುತ್ತಾರೆ. ಎರಡು ಸಣ್ಣ ಮಕ್ಕಳಿವೆ. ಹೊರಗಿನ ಕೋಣೆಗಳಲ್ಲಿ ಅವರಿರಲಿ, ಒಳಗೆ ನಾನಿರುತ್ತೇನೆ.’

‘ಅದರಿಂದ ಎಷ್ಟು ಬರುತ್ತದೆ ಆಯಿ?’

‘ಎಷ್ಟಾದರೂ ಬರಲಿ. ರಾತ್ರಿ ದೀಪ ಕಾಣುತ್ತದಲ್ಲ.’

ಮಗ ಏನೋ ಹೇಳಹೊರಟ. ‘ಅತ್ತೆ ಹೇಳುವುದು ಸರಿ’ ಎಂದಳು ಸೊಸೆ, ಪಾತ್ರೆ ಒರೆಸುತ್ತಲೇ. ಅವನು ಸುಮ್ಮನಾದ.

ಶನಿವಾರ ಹತ್ತು ಗಂಟೆಯೊಳಗೆ ಮನೆ ಬಿಡಬೇಕಿತ್ತು. ಸೊಸೆ ಹಾಸಿಗೆಯ ಹೊದಿಕೆ ತೆಗೆದಳು, ಆಯಿ ಒಲೆ ಒರೆಸಿದರು. ಕಾರಿನಲ್ಲಿ ಕೂತ ಮೇಲೆ ಮಗನ ಫೋನು ಕೇಳಿ ಊರಿನ ಕೆಲಸದಾಳಿಗೆ ಹಚ್ಚಿಸಿದರು.

‘ಮಳೆ ಹಿಡಿಯುವುದರೊಳಗೆ ಹಂಚು ಕೈಯಾಡಿಸಿಬಿಡು ಮಾರಾಯ. ಹೊರಗಿನ ಕೋಣೆಯದೂ ಬಿಡಬೇಡ. ಅಲ್ಲಿ ಮಕ್ಕಳು ಮಲಗುವುದಿದೆ.’